ಪರದೆಗೆ ಬೆಂಕಿ ಹರಡದಿರಲು: ಬಿಳಿಗಾರದ ಜೊತೆಗೆ ಬೋರಿಕ್ ಪುಡಿ ಏಕೆ ಬೇಕು?

ಊರಿನ ನಾಟಕ, ಶಾಲೆಯ ವಾರ್ಷಿಕೋತ್ಸವ, ಗಣೇಶನ ಪೆಂಡಾಲ್. ಎಲ್ಲೆಲ್ಲೂ ಹತ್ತಿಬಟ್ಟೆಯ ಪರದೆ, ಪಕ್ಕದಲ್ಲೇ ಬಿಸಿ ದೀಪ, ಆರತಿ ತಟ್ಟೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದು 92 ಜನ ಸತ್ತರು. ಹೆಚ್ಚಿನವರು ಮಕ್ಕಳು. ಪರದೆ ಕಟ್ಟುವ ಮುಂಚೆ, ಬೆಂಕಿ ಹರಡದಂತೆ ಅದನ್ನು ದ್ರಾವಣದಲ್ಲಿ ಅದ್ದಿ ಒಣಗಿಸಲು ಒಂದು ದಿನ ಎತ್ತಿಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಬೇಕಾದ್ದು ಎರಡೇ ಪುಡಿ. ಒಂದು ಬಿಳಿಗಾರ, ಅಂದರೆ ಬೋರಾಕ್ಸ್. ಇನ್ನೊಂದು ಬೋರಿಕ್ ಆಸಿಡ್, ಕೇರಂ ಬೋರ್ಡಿಗೆ ಉದುರಿಸುತ್ತೇವಲ್ಲ, ಅದು. ಆದರೆ ಪರಿಮಳ ಬೆರೆಸಿದ್ದು ಬೇಡ, ಶುದ್ಧವಾದದ್ದನ್ನೇ ತನ್ನಿ.

ಅಳತೆ ಹೀಗೆ: 10 ಲೀಟರ್ ನೀರಿಗೆ 700 ಗ್ರಾಂ ಬಿಳಿಗಾರ, 300 ಗ್ರಾಂ ಬೋರಿಕ್. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಬಿಸಿನೀರಿನಲ್ಲಿ ಎರಡನ್ನೂ ಪೂರ್ತಿ ಕರಗಿಸಿ. ತೊಳೆದು ಗಂಜಿ ಬಿಡಿಸಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಚೆನ್ನಾಗಿ ನೆನೆದ ಮೇಲೆ ಹಗುರಾಗಿ ಹಿಂಡಿ. ಜೋರಾಗಿ ಹಿಂಡಿದರೆ ಔಷಧಿಯೆಲ್ಲ ನೀರಿನ ಜೊತೆಗೇ ಹೋಗುತ್ತದೆ. ನೆರಳಲ್ಲಿ ಹರಡಿ ಒಣಗಿಸಿ.

ಒಂದೇ ಪುಡಿ ಸಾಲದೇ ಅಂತ ಕೇಳುವವರು ಜಾಸ್ತಿ. ಸಾಲದು. ಮೂರು ತುಂಡು ಬಟ್ಟೆಯಲ್ಲಿ ನೀವೇ ನೋಡಬಹುದು. ಒಂದನ್ನು ಬಿಳಿಗಾರದ ನೀರಲ್ಲಿ, ಒಂದನ್ನು ಬೋರಿಕ್ ನೀರಲ್ಲಿ, ಮತ್ತೊಂದನ್ನು ಎರಡೂ ಬೆರೆಸಿದ್ದರಲ್ಲಿ ಅದ್ದಿ ಒಣಗಿಸಿ. ಬಯಲಲ್ಲಿ, ಬಕೆಟ್ ನೀರು ಪಕ್ಕಕ್ಕಿಟ್ಟುಕೊಂಡು, ಇಕ್ಕಳದಲ್ಲಿ ಹಿಡಿದು ಕೆಳತುದಿಗೆ ಬೆಂಕಿಕಡ್ಡಿ ಹಿಡಿಯಿರಿ. ದೊಡ್ಡವರೇ ಮಾಡಬೇಕು.

ಬಿಳಿಗಾರದ ತುಂಡಿನಲ್ಲಿ ಜ್ವಾಲೆ ಬೇಗ ಆರುತ್ತದೆ. ಆದರೆ ಅಂಚಿನಲ್ಲಿ ಕೆಂಡ ಮಿನುಗುತ್ತಾ ಮೆಲ್ಲಗೆ ತೆವಳುತ್ತದೆ. ಬೋರಿಕ್ ತುಂಡಿನಲ್ಲಿ ಉಲ್ಟಾ: ಜ್ವಾಲೆ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ, ಆರಿದ ಮೇಲೆ ಮಾತ್ರ ಕೆಂಡ ಉಳಿಯುವುದಿಲ್ಲ. ಮೂರನೆಯದು ಕಡ್ಡಿ ತಾಕಿದ ಕಡೆ ಕಪ್ಪಾಗಿ ಅಲ್ಲಿಗೇ ನಿಲ್ಲುತ್ತದೆ.

ಯಾಕೆ ಹೀಗೆ? ಬಟ್ಟೆಯಲ್ಲಿ ಇರುವುದು ಎರಡು ಬೆಂಕಿ. ಹತ್ತಿ ಕಾದಾಗ ಆವಿ ಹೊರಡುತ್ತದೆ, ಆ ಆವಿ ಉರಿದರೆ ಜ್ವಾಲೆ. ಆಮೇಲೆ ಉಳಿದ ಇದ್ದಿಲು ನಿಧಾನವಾಗಿ ಸುಡುವುದು ಕೆಂಡ. ಬಿಳಿಗಾರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇದೆ. ಕಾದಾಗ ಆ ನೀರು ಹೊರಬಂದು ಶಾಖ ಹೀರುತ್ತದೆ. ಬಳಿಕ ಬಿಳಿಗಾರ ಉಬ್ಬಿ, ಕರಗಿ ಗಾಜಿನ ಪೊರೆಯಾಗುತ್ತದೆ. ಅಕ್ಕಸಾಲಿಗರು ಬೆಸುಗೆ ಹಾಕುವಾಗ ಇದನ್ನು ನೋಡಿರುತ್ತೀರಿ. ಆ ಪೊರೆ ಗಾಳಿಯನ್ನು ತಡೆಯುತ್ತದೆ. ಆದರೆ ಅದರಲ್ಲಿನ ಸೋಡಿಯಂ ಕೆಂಡಕ್ಕೆ ಕುಮ್ಮಕ್ಕು ಕೊಡುತ್ತದೆ. ಬೋರಿಕ್ ಆ ಕೆಂಡವನ್ನು ಅಡಗಿಸುತ್ತದೆ. ಜೊತೆಗೆ ಹತ್ತಿ ಆವಿಯಾಗುವ ಬದಲು ಇದ್ದಿಲಾಗುವಂತೆ ಮಾಡುತ್ತದೆ.

ಇನ್ನೊಂದು ಲಾಭವನ್ನೂ ಹೇಳಲೇಬೇಕು. ತಣ್ಣೀರಿನಲ್ಲಿ ಎರಡೂ ನೂರಕ್ಕೆ ಸುಮಾರು 5 ಪಾಲು ಮಾತ್ರ ಕರಗುತ್ತವೆ. ಜೊತೆಯಾದರೆ ಕರಗುವುದೂ ಜಾಸ್ತಿ, ಹಾಗಾಗಿ ಬಟ್ಟೆಗೆ ಇಳಿಯುವ ಪ್ರಮಾಣವೂ ಜಾಸ್ತಿ.

ಇದು ಹಳೆಯ ತಿಳಿವಳಿಕೆ. ಫ್ರಾನ್ಸಿನ ವಿಜ್ಞಾನಿ ಗೇ-ಲುಸ್ಸಾಕ್ 1821ರಲ್ಲೇ ಅಮೋನಿಯಂ ಲವಣಗಳು ಮತ್ತು ಬಿಳಿಗಾರವನ್ನು ಬಟ್ಟೆಗೆ ಬಳಸುವ ಬಗ್ಗೆ ಬರೆದಿದ್ದ. ಟಿವಿಯ ಪ್ಲಾಸ್ಟಿಕ್ ಕವಚಗಳಲ್ಲೂ ಇಂಥ ಜೋಡಿ ಬಳಸಿದ್ದಾರೆ. ಅಲ್ಲಿ ಆಂಟಿಮನಿ ಆಕ್ಸೈಡ್ ಒಂದೇ ಇದ್ದರೆ ಹೆಚ್ಚೇನೂ ಮಾಡದು, ಬ್ರೋಮಿನ್ ಜೊತೆ ಸೇರಿದಾಗ ಜ್ವಾಲೆಯೊಳಗೇ ಹೋಗಿ ಅದನ್ನು ಆರಿಸುತ್ತದೆ.

ಈ ದ್ರಾವಣ ಹತ್ತಿ, ಸೆಣಬಿಗೆ ಸರಿ. ಪಾಲಿಯೆಸ್ಟರ್‌ಗೆ ಆಗುವುದಿಲ್ಲ, ಅದು ಕರಗಿ ತೊಟ್ಟಿಕ್ಕುತ್ತದೆ. ತೊಡುವ ಬಟ್ಟೆಗೆ, ಹಾಸಿಗೆಗೆ ಬೇಡ. ಬೋರಿಕ್ ಹೊಟ್ಟೆಗೆ ಹೋದರೆ ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ. ಇಷ್ಟು ಮಾಡಿದರೂ ಪರದೆಗೆ ದೀಪ ತಾಕಿಸಬೇಡಿ. ಮಳೆಗೆ ನೆನೆದರೆ ಅಥವಾ ಒಗೆದರೆ ಔಷಧಿ ಹೋಯಿತು ಅಂತಲೇ ತಿಳಿದು, ಮತ್ತೆ ಅದ್ದಿ ಒಣಗಿಸಿ. ಪ್ರತಿ ಸಲ ಒಂದು ತುಂಡನ್ನು ಸುಟ್ಟು ನೋಡಿದ ಮೇಲೆಯೇ ಪರದೆ ಕಟ್ಟಿ.