ಅಮ್ಮನ ಬದುಕನ್ನು ಕೂಡಿಡುವುದು ಹೇಗೆ

ಅಮ್ಮ ಹೋದ ಮೇಲೆ ಅವಳ ಬಗ್ಗೆ ಬರೆದಿಡಬೇಕು ಅಂತ ತುಂಬಾ ಜನರಿಗೆ ಅನಿಸುತ್ತದೆ. ಬರವಣಿಗೆಗೆ ಅವಸರ ಬೇಡ. ಮೊದಲು ಉಳಿಸಿಕೊಳ್ಳಬೇಕಾದ್ದು ಅವಳ ದನಿ. ಹಳೇ ಫೋಟೊ ಡಬ್ಬಿಯಲ್ಲಿ ವರ್ಷಗಟ್ಟಲೆ ಇರುತ್ತದೆ, ಫೋನಿನಲ್ಲಿರುವ ದನಿ ಹಾಗಲ್ಲ. 120 ದಿನ ಬಳಸದ ವಾಟ್ಸಾಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. 2 ವರ್ಷ ಯಾರೂ ತೆರೆಯದ ಗೂಗಲ್ ಖಾತೆಯನ್ನು ಫೋಟೊಗಳ ಸಮೇತ ಕಂಪನಿಯೇ ತೆಗೆದುಹಾಕಬಹುದು. ಹಾಗಾಗಿ ಅವಳ ಫೋನನ್ನು ರೀಸೆಟ್ ಮಾಡಿ ಇನ್ನೊಬ್ಬರಿಗೆ ಕೊಡುವ ಕೆಲಸ ಈಗಲೇ ಬೇಡ. ನಿಮ್ಮ ಫೋನಿನಲ್ಲಿ ಅವಳ ವಾಟ್ಸಾಪ್ ಚಾಟ್ ತೆರೆದು, ಎಕ್ಸ್‌ಪೋರ್ಟ್ ಒತ್ತಿ, ಮೀಡಿಯಾ ಸಮೇತ ಇಳಿಸಿಕೊಳ್ಳಿ. ಚಾಟ್ ತುಂಬಾ ಉದ್ದವಿದ್ದರೆ ಹಳೆಯದೆಲ್ಲ ಬರುವುದಿಲ್ಲ. ಆಗ ಬೇಕಾದ ವಾಯ್ಸ್ ಮೆಸೇಜುಗಳನ್ನು ಒಂದೊಂದಾಗಿ ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ.

ನನ್ನ ಹತ್ತಿರ ಅಮ್ಮನ ಒಂದು ಮೆಸೇಜ್ ಇದೆ. "ಹಲೋ, ಕೇಳಿಸ್ತಿದ್ಯಾ?" ಅಂತ ಶುರು ಮಾಡಿ, ನಾನು ಉತ್ತರ ಕೊಡುತ್ತೇನೋ ಅನ್ನುವ ಹಾಗೆ ಸುಮ್ಮನಾಗುತ್ತಾಳೆ. ಆಮೇಲೆ, "ಕೊಡೆ ಮರೀಬೇಡ." ಅಷ್ಟೇ. ಅವಳು ಹೇಳಿದ ಎಷ್ಟೋ ದೊಡ್ಡ ಮಾತುಗಳಿಗಿಂತ ನನಗೆ ಆ ಸುಮ್ಮನಾಗುವುದೇ ಜಾಸ್ತಿ ಬೇಕು. ಅದಕ್ಕೇ ಹೇಳುವುದು, ಚಂದ ಕೇಳಲಿ ಅಂತ ಯಾವ ರೆಕಾರ್ಡಿಂಗನ್ನೂ ಕತ್ತರಿಸಬೇಡಿ. ಕೆಮ್ಮು, ಹಿಂದೆ ಓಡುವ ಫ್ಯಾನು, ಬಟನ್ ಹುಡುಕುವ ಸದ್ದು ಎಲ್ಲವೂ ಇರಲಿ.

ಆಮೇಲೆ, ನಿಮಗಿಂತ ಮೊದಲು ಅವಳನ್ನು ಕಂಡವರ ಹತ್ತಿರ ಹೋಗಿ. ತಂಗಿ, ತಮ್ಮ, ಗೆಳತಿ, ಜೊತೆಗೆ ಕೆಲಸ ಮಾಡಿದವರು. "ಅಮ್ಮ ಹೇಗಿದ್ಲು?" ಅಂತ ಕೇಳಿದರೆ "ತುಂಬಾ ಒಳ್ಳೆಯವಳು" ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಸಣ್ಣದನ್ನೇ ಕೇಳಿ. ಸಿಟ್ಟು ಬಂದರೆ ಮಾತು ಬಿಡ್ತಿದ್ಲಾ, ಜಗಳಕ್ಕೇ ನಿಲ್ತಿದ್ಲಾ? ಯಾರ ಬಟ್ಟೆ ಇಸ್ಕೊಂಡು ಹಾಕ್ಕೋತಿದ್ಲು? ಯಾವುದಕ್ಕೆ ಹೆದರ್ತಿದ್ಲು? ವಯಸ್ಸಾದವರಿಗೆ ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪು ಹೆಚ್ಚು ನಿಚ್ಚಳವಾಗಿರುತ್ತದೆ, ಅಲ್ಲಿಂದಲೇ ಶುರು ಮಾಡಿ. ಕೈಗೆ ಒಂದು ಹಳೇ ಫೋಟೊ ಕೊಡಿ. ಕೇಳಿ, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಮಧ್ಯೆ ಕರೆ ಬರದಂತೆ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ.

ಹಾಗೆ ಕೇಳಿದಾಗಲೇ ಚಿಕ್ಕಮ್ಮ ಹೇಳಿದ್ದು: ಅಮ್ಮ ಜೋರಾಗಿ ಸಿಳ್ಳೆ ಹೊಡೆಯುತ್ತಿದ್ದಳಂತೆ, ಎರಡು ಬೆರಳು ಬಾಯಿಗಿಟ್ಟು. ಅಷ್ಟು ವರ್ಷ ಜೊತೆಗಿದ್ದ ನಾನು ಒಮ್ಮೆಯೂ ಕೇಳಿರಲಿಲ್ಲ.

ಮೊಮ್ಮಕ್ಕಳನ್ನು ಬೇರೆಯಾಗಿ ಕೂರಿಸಿ ಮಾತಾಡಿಸಿ. ಅವರು ಕಂಡ ಅಜ್ಜಿಯೇ ಬೇರೆ. ನನ್ನ ಲೆಕ್ಕ ಒಂದು ತಪ್ಪಿದರೆ ಅಮ್ಮ ಇಡೀ ಪುಟ ಅಳಿಸಿ ಮತ್ತೆ ಬರೆಸುತ್ತಿದ್ದಳು. ನನ್ನ ಮಗಳ ನೆನಪಿನಲ್ಲಿರುವುದು, ಪಕ್ಕದಲ್ಲಿ ಕೂತು ಪೆನ್ಸಿಲ್ ಚೂಪು ಮಾಡಿಕೊಡುತ್ತಾ "ಸಾಕು ಬಿಡು, ಉಳಿದಿದ್ದು ನಾಳೆ" ಅನ್ನುವ ಅಜ್ಜಿ. ಎರಡನ್ನೂ ಹಾಗೇ ಬರೆಯಿರಿ. ಒಂದನ್ನು ಸರಿ ಮಾಡಲು ಇನ್ನೊಂದನ್ನು ಮುಚ್ಚಬೇಡಿ. ತೀರಾ ಚಿಕ್ಕ ಮಕ್ಕಳಿದ್ದರೆ ಇದನ್ನು ಮುಂದೂಡಬೇಡಿ. ನಾಲ್ಕು ವರ್ಷದ ಮಗುವಿಗೆ ಇವತ್ತು ನೆನಪಿರುವುದು ದೊಡ್ಡದಾದ ಮೇಲೆ ಬಹುಪಾಲು ಉಳಿಯುವುದಿಲ್ಲ. ಅದರ ಮಾತನ್ನು ತಿದ್ದದೆ, ವಯಸ್ಸಿನ ಜೊತೆ ಬರೆದುಕೊಳ್ಳಿ.

ಫೋಟೊಗಳ ಕೆಲಸ ಸುಲಭ. ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ ಹೆಸರು ಬರೆಯಿರಿ. ಬಾಲ್ ಪೆನ್ ಒತ್ತಿದರೆ ಗುರುತು ಮುಂದಕ್ಕೂ ಮೂಡುತ್ತದೆ. ಸ್ಕ್ಯಾನ್ 600 ಡಿಪಿಐ (ಚಿತ್ರ ಎಷ್ಟು ಸ್ಪಷ್ಟ ಅನ್ನುವ ಅಳತೆ) ಇದ್ದರೆ ಸಾಕು. ಅಂಟು ಹಾಳೆಯ ಆಲ್ಬಮ್‌ನಿಂದ ಕಿತ್ತು ತೆಗೆಯಲು ಹೋಗಬೇಡಿ, ಬರದಿದ್ದರೆ ಹಾಳೆಯ ಸಮೇತವೇ ಸ್ಕ್ಯಾನ್ ಮಾಡಿ.

ಇನ್ನು ಬರವಣಿಗೆ. ಹುಟ್ಟಿದ ದಿನದಿಂದ ಶುರು ಮಾಡಿದರೆ ಅದು ಅರ್ಜಿ ತುಂಬಿದ ಹಾಗೆ ಆಗುತ್ತದೆ. ಒಂದು ಪುಟಕ್ಕೆ ಒಂದೇ ವಿಷಯ ಸಾಕು: ಅವಳ ಕೈಬರಹ, ಅವಳ ಕನ್ನಡಕ, ಅವಳ ಹಟ. ಹಟವನ್ನು ಬಿಡಬೇಡಿ. ಬರೀ ಒಳ್ಳೆಯತನ ಬರೆದರೆ ಅದು ಯಾರ ಅಮ್ಮ ಬೇಕಾದರೂ ಆಗಬಹುದು, ಅಲ್ವಾ? ಇಸವಿ ಗೊತ್ತಿಲ್ಲದಿದ್ದರೆ "ಸುಮಾರು" ಅಂತ ಹಾಕಿ ಮುಂದೆ ಹೋಗಿ.

ಎಲ್ಲದರದ್ದೂ 3 ಪ್ರತಿ ಇಡಿ, 2 ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆಯವರ ಮನೆಯಲ್ಲಿ. ಪ್ರತಿ ಫೈಲಿಗೂ ಇಸವಿ ಮತ್ತು ಹೇಳಿದವರ ಹೆಸರು ಸೇರಿಸಿ. ಒಂದೇ ಘಟನೆಯನ್ನು ಅಕ್ಕ ಒಂದು ತರ, ತಮ್ಮ ಇನ್ನೊಂದು ತರ ಹೇಳುತ್ತಾರೆ. ಆಗ ಎರಡೂ ಉಳಿಯಲಿ, ಅವರವರ ಹೆಸರಿನಲ್ಲೇ.