ಓವರ್‌ಟೇಕ್ ಮಾಡುವುದನ್ನು ನಾನು ಎರಡನೇ ಸಲ ಕಲಿತದ್ದು

ಲೈಸೆನ್ಸ್ ಸಿಕ್ಕಿ ಎಂಟು ವರ್ಷವಾಗಿತ್ತು. ನನಗೆ ಚೆನ್ನಾಗಿ ಓಡಿಸಲು ಬರುತ್ತದೆ ಎಂದೇ ನಂಬಿದ್ದೆ. ಹೋಗಲೊಂದು, ಬರಲೊಂದು ಲೇನ್ ಇದ್ದ ಹೆದ್ದಾರಿಯಲ್ಲಿ ಮುಂದಿನ ಕಾರು ಲಾರಿಯನ್ನು ದಾಟಲು ಹೊರಟಿತು. ಅದರ ಬಾಲ ಹಿಡಿದು ನಾನೂ ಹೊರಟೆ. ಅದು ಲಾರಿಯ ಮುಂದೆ ನುಸುಳಿಕೊಂಡಿತು. ಎದುರಿಗೆ ಬಸ್ಸು. ಬ್ರೇಕ್ ಒತ್ತಿ ಹಿಂದೆ ಸರಿಯೋಣವೆಂದರೆ ನಾನು ಬಿಟ್ಟುಬಂದ ಜಾಗವನ್ನು ಹಿಂದಿನವನು ಆಗಲೇ ತುಂಬಿದ್ದ. ಲಾರಿಯ ಚಾಲಕ ವೇಗ ತಗ್ಗಿಸಿ ಜಾಗ ಮಾಡಿಕೊಟ್ಟದ್ದರಿಂದ ಉಳಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ, ಕೂತು ಲೆಕ್ಕ ಹಾಕಿದೆ. ಲಾರಿ ಗಂಟೆಗೆ 60 ಕಿ.ಮೀ., ನಾನು 80. ವ್ಯತ್ಯಾಸ 20, ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಎರಡೂ ವಾಹನಗಳ ಉದ್ದ, ಹಿಂದೆ ಮುಂದೆ ಬಿಡಬೇಕಾದ ಅಂತರ ಎಲ್ಲ ಸೇರಿ 60 ಮೀಟರ್ ಎಂದಿಟ್ಟುಕೊಂಡರೂ ದಾಟಲು 11 ಸೆಕೆಂಡ್ ಬೇಕು. ಅಷ್ಟರಲ್ಲಿ ನಾನು ಸುಮಾರು 240 ಮೀಟರ್ ಹೋಗಿರುತ್ತೇನೆ. ಎದುರಿನವನದೂ 80 ಆದರೆ ಅವನೂ ಅಷ್ಟೇ ದೂರ ಬಂದಿರುತ್ತಾನೆ. ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ರಸ್ತೆ ಖಾಲಿ ಇರಬೇಕು! ಅದುವರೆಗೆ ನಾನು ಧಾರಾಳ ಎಂದುಕೊಂಡಿದ್ದದ್ದು ಅದರ ಅರ್ಧವೂ ಆಗುತ್ತಿರಲಿಲ್ಲ.

ಈಗ ಲಾರಿಗೆ ಅಂಟಿಕೊಂಡು ಹೋಗುವುದಿಲ್ಲ. ಹತ್ತಿರ ಹೋದಷ್ಟೂ ಅದರ ಬೆನ್ನು ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಮುಂದಿನದನ್ನು ನೋಡಲು ಅರ್ಧ ಕಾರನ್ನು ಎದುರಿನ ಲೇನಿಗೆ ತೂರಿಸಬೇಕಾಗುತ್ತದೆ. ಲಾರಿ ಒಂದು ಕಂಬವನ್ನು ದಾಟಿದಾಗ ಎಣಿಸಲು ಶುರುಮಾಡುತ್ತೇನೆ. ಮೂರು ಸೆಕೆಂಡಿಗೆ ಮೊದಲೇ ನಾನು ಆ ಕಂಬದ ಬಳಿ ಬಂದರೆ ಕಾಲು ಸಡಿಲಿಸುತ್ತೇನೆ. ದೂರವಿದ್ದರೆ ಲಾರಿಯ ಕನ್ನಡಿ ನನಗೆ ಕಾಣುತ್ತದೆ. ಅದು ಕಾಣದಿದ್ದರೆ ಅದರ ಚಾಲಕನಿಗೆ ನಾನೂ ಕಾಣುವುದಿಲ್ಲ. ಆ ಅಂತರದಿಂದ ಇನ್ನೊಂದು ಲಾಭ: ಗೇರ್ ಇಳಿಸಿ, ನನ್ನ ಲೇನಿನಲ್ಲೇ ವೇಗ ಕೂಡಿಸಿಕೊಂಡು ಹೊರಬರಬಹುದು. ಆಚೆ ಹೋದ ಮೇಲೆ ಗೇರ್ ಹುಡುಕುವುದು ಕೆಟ್ಟ ಅಭ್ಯಾಸ. ಲಾರಿಯ ಎರಡೂ ಹೆಡ್‌ಲೈಟ್ ಒಳಗನ್ನಡಿಯಲ್ಲಿ ಕಾಣುವವರೆಗೆ ವಾಪಸು ಬರುವುದಿಲ್ಲ.

ತಿರುವು, ಏರಿನ ನೆತ್ತಿ, ಸೇತುವೆ, ಅಡ್ಡರಸ್ತೆ ಇದ್ದಲ್ಲಿ ಪ್ರಯತ್ನವೇ ಇಲ್ಲ. ಮುಂದಿನವನು ಇಂಡಿಕೇಟರ್ ಹಾಕಿ ಕರೆದರೂ ನಂಬುವುದಿಲ್ಲ. ಅವನೇ ಆ ಕಡೆಗೆ ತಿರುಗಲು ಹೊರಟಿರಬಹುದು. ರಾತ್ರಿ ಎದುರಿಗೆ ಒಂದೇ ದೀಪ ಕಂಡರೆ ಅದನ್ನು ಬೈಕ್ ಎಂದುಕೊಳ್ಳುವುದಿಲ್ಲ, ಒಂದು ದೀಪ ಕೆಟ್ಟ ಲಾರಿ ಎಂದೇ ಎಣಿಸುತ್ತೇನೆ.

ಹಿಂದಿನಿಂದ ಹಾರ್ನ್ ಕೇಳುತ್ತದೆ, ಪಕ್ಕದಲ್ಲಿ ಕೂತವರು ನಿಟ್ಟುಸಿರು ಬಿಡುತ್ತಾರೆ. ಹತ್ತು ಕಿಲೋಮೀಟರ್ ದೂರಕ್ಕೆ 80ರ ಬದಲು 60ರಲ್ಲಿ ಹೋದರೆ ತಡವಾಗುವುದು ಎರಡೂವರೆ ನಿಮಿಷ. ಇದನ್ನು ಅವರಿಗೆ ವಿವರಿಸಿ ಗೆದ್ದವನೇನಲ್ಲ ನಾನು.

ನನ್ನನ್ನು ಯಾರಾದರೂ ದಾಟಲು ಬಂದರೆ ಅವರು ಎಷ್ಟೇ ಅವಿವೇಕದಿಂದ ನುಗ್ಗಿದ್ದರೂ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೇನೆ. ಅಂದು ಆ ಲಾರಿಯವನು ನನಗಾಗಿ ಮಾಡಿದ್ದು ಅಷ್ಟನ್ನೇ.