ಬೈಲಿ ಸೇತುವೆ ಕಟ್ಟಿ ಊರಿಗೆ ಒಪ್ಪಿಸುವ ಕೆಲಸ: ಒಬ್ಬ ಸ್ಯಾಪರ್ ಅನುಭವ

2024ರ ಆಗಸ್ಟ್‌ನಲ್ಲಿ ವಯನಾಡಿನ ಚೂರಲ್‌ಮಲ ಸೇತುವೆ ಟಿವಿಯಲ್ಲಿ ಬಂದ ಮೇಲೆ ಊರಲ್ಲಿ ಸಿಕ್ಕವರೆಲ್ಲ ನನ್ನನ್ನು ಒಂದೇ ಮಾತು ಕೇಳಿದರು. "ಅಷ್ಟು ಬೇಗ ಹೆಂಗೆ ಕಟ್ತೀರಿ ಸುಬೇದಾರ್ ಸಾಹೇಬ್ರೇ?" ಜುಲೈ 30ರ ನಸುಕಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ ಕಡೆಗೆ ಹೋಗುವ ಸೇತುವೆ ಕೊಚ್ಚಿಹೋಗಿತ್ತು. ಆಗಸ್ಟ್ 1ರ ಸಂಜೆ ಹೊತ್ತಿಗೆ ಅಲ್ಲಿ 190 ಅಡಿ ಉದ್ದದ, 24 ಟನ್ ತಡೆಯುವ ಬೈಲಿ ಸೇತುವೆ, ಅಂದರೆ ಸಿದ್ಧ ಉಕ್ಕಿನ ಭಾಗ ಜೋಡಿಸಿ ಕಟ್ಟುವ ಸೇತುವೆ, ನಿಂತಿತ್ತು. ಕಟ್ಟಿದ್ದು ಬೆಂಗಳೂರಿನ ಹಲಸೂರು ಕೆರೆ ಪಕ್ಕದ ನಮ್ಮ ಎಂಇಜಿ, ಅಂದರೆ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು. ಮುಂದೆ ನಿಂತು ಕಟ್ಟಿಸಿದವರಲ್ಲಿ ಮೇಜರ್ ಸೀತಾ ಶೆಲ್ಕೆ ಹೆಸರು ದೇಶಕ್ಕೇ ಗೊತ್ತಾಯಿತು.

ಆ ಹೊತ್ತಿಗೆ ನಾನು ರಿಟೈರ್ ಆಗಿದ್ದೆ. ಆದರೆ ಸರ್ವೀಸ್‌ನ ಬಹುಪಾಲು ನಾನು ಮಾಡಿದ್ದು ಇದೇ ಕೆಲಸ. ಈ ಪಡೆಯ ಸೈನಿಕನಿಗೆ ಸ್ಯಾಪರ್ ಅಂತಾರೆ. ಬೇಗ ಕಟ್ಟುವುದು ಹೇಗೆ ಅಂತ ಹೇಳುತ್ತೇನೆ. ಅದಕ್ಕಿಂತ ಜಾಸ್ತಿ, ಕ್ಯಾಮೆರಾ ಬರುವ ಮುಂಚೆ ಮತ್ತು ಹೋದ ಮೇಲೆ ಏನು ನಡೆಯುತ್ತದೆ ಅನ್ನುವುದನ್ನು ಹೇಳಬೇಕು ಅಂತ ನನಗೆ ಆಸೆ. ಸೇತುವೆ ಉಳಿಯುವುದು ಊರಿನವರಿಂದ. ನಾವು ಕಟ್ಟಿ ಹೋಗುವವರು.

ನಾನು ಬರೆಯುತ್ತಿರುವುದು ಉತ್ತರಾಖಂಡದ ಗಡಿ ಕಡೆಯ ಒಂದು ಕಣಿವೆಯ ಕೆಲಸ. ಮೇಲೆ ಮೇಘಸ್ಫೋಟವಾಗಿ ನಾಲಾ, ಅಂದರೆ ಗುಡ್ಡದ ಹಳ್ಳ, ಉಕ್ಕಿ ಹಳೇ ಸೇತುವೆ ಹೋಗಿತ್ತು. ಆಚೆ ದಡದಲ್ಲಿ ಎರಡು ಮೂರು ಹಳ್ಳಿ. ಅಡಿಗೆ ಗ್ಯಾಸ್ ಇಲ್ಲ, ರೇಷನ್ ಇಲ್ಲ, ಬಸುರಿ ಹೆಂಗಸರನ್ನು ಆಸ್ಪತ್ರೆಗೆ ತರುವ ದಾರಿ ಇಲ್ಲ. ಸೇನೆ ತಾನಾಗಿ ಹೋಗಿ ಊರಲ್ಲಿ ಕೆಲಸ ಶುರು ಮಾಡುವುದಿಲ್ಲ. ಜಿಲ್ಲಾಡಳಿತ ನೆರವು ಕೇಳಬೇಕು, ಮೇಲಿನಿಂದ ಅಪ್ಪಣೆ ಬರಬೇಕು. ಅದು ಬಂದ ಕೂಡಲೇ ನಮ್ಮ ರೆಕ್ಕಿ ಪಾರ್ಟಿ ಹೊರಟಿತು. ರೆಕ್ಕಿ ಅಂದರೆ ಜಾಗ ನೋಡುವುದು. ಒಬ್ಬ ಆಫೀಸರ್, ನಾನು, ನಾಲ್ಕೈದು ಜವಾನರು, ಟೇಪು, ಲೆವೆಲ್, ಹಗ್ಗ.

ಜಾಗ ಆರಿಸುವುದರಲ್ಲೇ ಅರ್ಧ ಕೆಲಸ ಇರುತ್ತದೆ. ಎರಡು ದಡದ ನಡುವೆ ಅಂತರ ಎಷ್ಟು, ಯಾವ ದಡ ಎತ್ತರ, ಮಣ್ಣು ಗಟ್ಟಿ ಇದೆಯಾ, ನಮ್ಮ ಕಡೆ ದಡದಲ್ಲಿ ಸೇತುವೆ ಜೋಡಿಸಲು ನೇರವಾದ ಜಾಗ ಸಿಗುತ್ತದಾ, ಲಾರಿ ಬಂದು ತಿರುಗುತ್ತದಾ. ಇದೆಲ್ಲ ಟೇಪಿನಲ್ಲಿ ಸಿಗುತ್ತದೆ. ನೀರು ಎಲ್ಲಿವರೆಗೆ ಏರುತ್ತದೆ ಅನ್ನುವುದು ಮಾತ್ರ ಟೇಪಿನಲ್ಲಿ ಸಿಗುವುದಿಲ್ಲ. ಆ ಕಣಿವೆಯ ನಾಲಾಕ್ಕೆ ಸರ್ಕಾರಿ ದಾಖಲೆ ಅಂತ ನಮ್ಮ ಕೈಗೆ ಏನೂ ಸಿಕ್ಕಿರಲಿಲ್ಲ.

ನಮಗೆ ಹಿಡಿಸಿದ್ದು ಹಳೇ ಸೇತುವೆಯ ಜಾಗವೇ. ರಸ್ತೆ ಅಲ್ಲಿಗೇ ಬರುತ್ತದೆ, ಅಂತರವೂ ಕಮ್ಮಿ. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದರು. ಬೆನ್ನ ಮೇಲೆ ಹುಲ್ಲಿನ ಹೊರೆ. ಹೊರೆ ಇಳಿಸಿ ಒಂದು ಅಕ್ರೋಟು ಮರ ತೋರಿಸಿದರು. "ಬೇಟಾ, ನಾನು ಮದುವೆಯಾಗಿ ಬಂದ ವರ್ಷ ನೀರು ಆ ಕೊಂಬೆಯವರೆಗೆ ಬಂದಿತ್ತು. ಈ ಸಲ ಬಂದಿದ್ದು ಬುಡಕ್ಕೆ ಮಾತ್ರ" ಅಂದರು. ನಾನು "ಅಮ್ಮಾಜಿ, ಇನ್ಯಾರಿಗಾದರೂ ಇದು ನೆನಪಿದೆಯಾ?" ಅಂತ ಕೇಳಿದೆ. ಪ್ರಧಾನರು, ಅಂದರೆ ಊರಿನ ಪಂಚಾಯತ್ ಮುಖ್ಯಸ್ಥರು, ಇನ್ನಿಬ್ಬರು ಮುದುಕರನ್ನು ಕರೆಸಿದರು. ಮೂವರೂ ಬೇರೆ ಬೇರೆ ನಿಂತು ತೋರಿಸಿದ್ದು ಒಂದೇ ಕೊಂಬೆಯನ್ನು. ಮರದ ಹಿಂದಿನ ಬಂಡೆಯ ಸಂದಿನಲ್ಲಿ ನಾವು ಕೆದಕಿ ನೋಡಿದಾಗ ನದಿ ಮರಳು, ಉರುಟು ಕಲ್ಲು ಸಿಕ್ಕಿತು. ಅಜ್ಜಿ ಹೇಳಿದ್ದು ನಿಜ.

ಮೇಲೆ ಸ್ವಲ್ಪ ದೂರದಲ್ಲಿ ಹೇಸರಗತ್ತೆಯವರು ಬೇಸಿಗೆಯಲ್ಲಿ ನಾಲಾ ದಾಟುವ ಜಾಗ ಇತ್ತು. ಅಲ್ಲಿ ಎರಡೂ ಕಡೆ ಬಂಡೆ, ದಡ ಎತ್ತರ. ಸೇತುವೆ ಹಳೇ ಜಾಗಕ್ಕಿಂತ ಉದ್ದ ಬೇಕಾಗುತ್ತಿತ್ತು, ರಸ್ತೆಯನ್ನೂ ತಿರುಗಿಸಬೇಕಿತ್ತು. ಆಫೀಸರ್ ಸಾಹೇಬರು ಲೆಕ್ಕ ಹಾಕಿ ಅದೇ ಜಾಗ ಅಂತ ತೀರ್ಮಾನಿಸಿದರು. ಹೊಸಬರಿಗೆ ನಾನು ಯಾವಾಗಲೂ ಹೇಳುತ್ತಿದ್ದದ್ದು ಇದು: ಊರಿಗೆ ಹೋದರೆ ಮೊದಲು ಮುದುಕರನ್ನು, ದನ ಮೇಯಿಸುವವರನ್ನು ಮಾತಾಡಿಸಿ. ಟೇಪು ಆಮೇಲೆ ಬಿಚ್ಚಿ.

ಇನ್ನು ಬೈಲಿ ಸೇತುವೆ ಬಗ್ಗೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಡೊನಾಲ್ಡ್ ಬೈಲಿ ಅನ್ನುವ ಬ್ರಿಟಿಷ್ ಎಂಜಿನಿಯರ್ ಇದನ್ನು ರೂಪಿಸಿದರು. ಅವರ ಲೆಕ್ಕ ಸರಳ. ಎಲ್ಲ ಭಾಗವೂ ಮಾಮೂಲಿ ಲಾರಿಯಲ್ಲಿ ಹಿಡಿಯಬೇಕು, ಕ್ರೇನ್ ಇಲ್ಲದೆ ಆಳುಗಳೇ ಎತ್ತುವಂತಿರಬೇಕು. ಮುಖ್ಯ ಭಾಗಕ್ಕೆ ಪ್ಯಾನಲ್ ಅಂತಾರೆ. 10 ಅಡಿ ಉದ್ದ, ಸುಮಾರು 5 ಅಡಿ ಎತ್ತರದ ಉಕ್ಕಿನ ಚೌಕಟ್ಟು. ತೂಕ ಸುಮಾರು 260 ಕಿಲೋ, ಆರು ಜನ ಎತ್ತಬೇಕು. ಎರಡು ಬದಿಯ ಪ್ಯಾನಲ್‌ಗಳನ್ನು ಕೂಡಿಸುವ ಅಡ್ಡ ತೊಲೆಗೆ ಟ್ರಾನ್ಸಮ್ ಅಂತಾರೆ. ಅದರ ಮೇಲೆ ಉದ್ದಕ್ಕೆ ಸ್ಟ್ರಿಂಜರ್ ಅನ್ನುವ ತೊಲೆ, ಅದರ ಮೇಲೆ ಚೆಸ್ ಅನ್ನುವ ಮರದ ಹಲಗೆ, ಹಲಗೆಯ ಅಂಚು ಒತ್ತಿ ಹಿಡಿಯಲು ರಿಬ್ಯಾಂಡ್. ಜಾಸ್ತಿ ಭಾರ ಬೇಕಿದ್ದರೆ ಪ್ಯಾನಲ್‌ಗಳನ್ನು ಪಕ್ಕಪಕ್ಕ ಎರಡು, ಮೂರು ಸಾಲು ನಿಲ್ಲಿಸಬಹುದು, ಒಂದರ ಮೇಲೊಂದು ಅಂತಸ್ತೂ ಏರಿಸಬಹುದು. ಅದಕ್ಕೇ ಇಷ್ಟು ವರ್ಷವಾದರೂ ಇದನ್ನು ಯಾರೂ ಮೂಲೆಗೆ ಹಾಕಿಲ್ಲ.

ಪ್ಯಾನಲ್‌ಗೆ ಪ್ಯಾನಲ್ ಸೇರಿಸುವುದು ಪಿನ್ನಿನಿಂದ. ಪಿನ್ ಅಂದರೆ ಗೇಣುದ್ದದ, ಎರಡೂವರೆ ಕಿಲೋ ಮೇಲೆ ತೂಗುವ ಉಕ್ಕಿನ ತುಂಡು. ಒಂದು ತುದಿ ಚೂಪಾಗುತ್ತಾ ಹೋಗುತ್ತದೆ. ಆ ತುದಿಯಲ್ಲಿ ಸಣ್ಣ ತೂತು, ಅದಕ್ಕೆ ಸೇಫ್ಟಿ ಕ್ಲಿಪ್ ಹಾಕಬೇಕು. ಪಿನ್ನಿನ ತಲೆ ಮೇಲೆ ಒಂದು ಗೀರು ಕೊರೆದಿರುತ್ತಾರೆ. ಪಿನ್ ಒಳಗೆ ಹೋದ ಮೇಲೆ ಆಚೆ ತುದಿಯ ತೂತು ಯಾವ ಕಡೆ ತಿರುಗಿದೆ ಅಂತ ಹೊಡೆಯುವವನಿಗೆ ಕಾಣುವುದಿಲ್ಲ. ಗೀರು ಅಡ್ಡವಾಗಿದ್ದರೆ ತೂತೂ ಅಡ್ಡವಾಗಿದೆ, ಕ್ಲಿಪ್ ಸಲೀಸಾಗಿ ಕೂರುತ್ತದೆ. ಗೀರು ನೆಟ್ಟಗಿದ್ದರೆ ಕ್ಲಿಪ್ ಪ್ಯಾನಲ್ಲಿನ ಅಂಚಿಗೆ ತಾಗಿ ಒಳಗೇ ಹೋಗುವುದಿಲ್ಲ. ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ನಾವು ನೋಡುವುದು ಈ ಗೀರನ್ನೇ. ಕೈಗೆ ಥಂಡಿ ಹತ್ತಿ ಮರಗಟ್ಟಿದರೂ ಹೆಬ್ಬೆರಳಲ್ಲಿ ಸವರಿದರೆ ಗೊತ್ತಾಗುತ್ತದೆ.

ನೋಡುವವರಿಗೆ ಎಲ್ಲಕ್ಕಿಂತ ಆಶ್ಚರ್ಯ ಅನ್ನಿಸುವುದು ಲಾಂಚಿಂಗ್. ನೀರಿಗೆ ಇಳಿಯದೆ, ಆಚೆ ದಡದಲ್ಲಿ ಯಾವ ಮೆಷಿನ್ನೂ ಇಲ್ಲದೆ ಸೇತುವೆ ಹೇಗೆ ದಾಟುತ್ತದೆ? ನಮ್ಮ ದಡದಲ್ಲಿ ರೋಲರ್‌ಗಳ ಮೇಲೆ ಸೇತುವೆ ಜೋಡಿಸುತ್ತಾ ಮುಂದಕ್ಕೆ ತಳ್ಳುತ್ತೇವೆ. ಎಲ್ಲಕ್ಕಿಂತ ಮುಂದೆ ಲಾಂಚಿಂಗ್ ನೋಸ್ ಅಂತ ಬರೀ ಅಸ್ಥಿಪಂಜರ ಇರುತ್ತದೆ, ಹಲಗೆ ಇಲ್ಲ, ಸ್ಟ್ರಿಂಜರ್ ಇಲ್ಲ. ಅದು ಹಗುರ. ಹಿಂದಿನ ನಿಜವಾದ ಸೇತುವೆ ಭಾರ. ತೂಕದ ಮಧ್ಯಬಿಂದು ಯಾವಾಗಲೂ ದಡದ ಅಂಚಿನ ರೋಲರ್‌ಗಿಂತ ಹಿಂದೆ ಇರಬೇಕು. ಮುಂದೆ ಹೋಯಿತೋ, ಇಡೀ ಸೇತುವೆ ಮೂಗು ಮುಗ್ಗರಿಸಿ ನಾಲಾಕ್ಕೆ ಬೀಳುತ್ತದೆ. ಅಂತರದಲ್ಲಿ ಚಾಚಿದ ಮೂಗು ತನ್ನ ಭಾರಕ್ಕೇ ಬಾಗುತ್ತದೆ. ಅದಕ್ಕಾಗಿ ಲಿಂಕ್ ಅನ್ನುವ ಉಕ್ಕಿನ ತುಂಡು ಹಾಕಿ ಅದನ್ನು ಮೊದಲೇ ಸ್ವಲ್ಪ ಮೇಲಕ್ಕೆ ಎತ್ತಿಟ್ಟಿರುತ್ತೇವೆ. ಮೂಗು ಆಚೆ ದಡದ ರೋಲರ್ ಮೇಲೆ ಕೂತ ಮೇಲೆಯೇ ಎಲ್ಲರೂ ಉಸಿರು ಬಿಡುವುದು. ಆಮೇಲೆ ಮೂಗು ಬಿಚ್ಚಿ, ಜ್ಯಾಕ್ ಮೇಲೆ ಸೇತುವೆಯನ್ನು ನಿಧಾನ ಇಳಿಸಿ ಬೇರಿಂಗ್ ಮೇಲೆ, ಅಂದರೆ ಸೇತುವೆಯ ತುದಿ ಹೊರುವ ಆಸರೆಯ ಮೇಲೆ, ಕೂರಿಸುತ್ತೇವೆ. ಎರಡು ಕಡೆ ರ್‍ಯಾಂಪ್ ಹಾಕಿ ಹಲಗೆ ಹಾಸುತ್ತೇವೆ.

ಬೇಗ ಆಗುವುದಕ್ಕೆ ಕಾರಣ ಇಷ್ಟೇ. ಭಾಗ ಸಿದ್ಧ ಇರುತ್ತದೆ. ಯಾವ ಜವಾನ ಯಾವ ಪ್ಯಾನಲ್ಲಿನ ಯಾವ ಮೂಲೆ ಹಿಡಿಯಬೇಕು ಅನ್ನುವುದು ಟ್ರೈನಿಂಗ್‌ನಲ್ಲಿ ಮೈಗೆ ಹತ್ತಿರುತ್ತದೆ. 1780ರಿಂದ ನಡೆದು ಬಂದ ಪಡೆ ನಮ್ಮದು. ತಮಿಳರು, ಮಲಯಾಳಿಗಳು, ತೆಲುಗರು, ನಮ್ಮ ಕನ್ನಡದ ಹುಡುಗರು ಎಲ್ಲ ಸೇರಿ ಒಟ್ಟಿಗೆ ಎತ್ತುತ್ತೇವೆ. ಸೇನೆಯಲ್ಲಿ ನಮಗೆಲ್ಲ ತಂಬಿ ಅಂತಲೇ ಹೆಸರು.

ಊರಿನವರು ಕೈ ಜೋಡಿಸಲು ಓಡಿ ಬರುತ್ತಾರೆ. ಬೇಡ ಅನ್ನಬಾರದು, ಆದರೆ ಎಲ್ಲಿ ಬೇಕು ಎಲ್ಲಿ ಬೇಡ ಅಂತ ಮೊದಲೇ ಗೆರೆ ಹಾಕಬೇಕು. ಲಾಂಚಿಂಗ್ ಆಗುವಾಗ ರೋಲರ್ ಹತ್ತಿರ ಒಬ್ಬರನ್ನೂ ಬಿಡುವುದಿಲ್ಲ. ರೋಲರ್‌ಗೂ ಪ್ಯಾನಲ್‌ಗೂ ನಡುವೆ ಬೆರಳು ಸಿಕ್ಕಿದರೆ ಮುಗಿಯಿತು. ಅದರ ಬದಲು ದಡ ಕಾಯುವ ಕೆಲಸ ಕೊಟ್ಟೆವು. ತಂತಿ ಜಾಲರಿಯ ಪೆಟ್ಟಿಗೆಗೆ ಕಲ್ಲು ತುಂಬಿ ಬೇರಿಂಗ್ ಕೂರುವ ದಡದ ಕೆಳಗೆ ಜೋಡಿಸಬೇಕಿತ್ತು. ಕಲ್ಲು ಕಟ್ಟುವುದರಲ್ಲಿ ಗುಡ್ಡದ ಜನಕ್ಕಿಂತ ಜಾಣರು ನಮ್ಮಲ್ಲಿ ಯಾರೂ ಇರಲಿಲ್ಲ. ಅವರು ಸುಮ್ನೆ ತುಂಬುತ್ತಿರಲಿಲ್ಲ. ದೊಡ್ಡ ಕಲ್ಲು ಮುಖಕ್ಕೆ, ಸಣ್ಣದು ಸಂದಿಗೆ, ಮನೆಯ ಗೋಡೆ ಕಟ್ಟಿದ ಹಾಗೆ ಕಟ್ಟಿದರು. ಆಚೆ ದಡದಿಂದ ರಸ್ತೆಗೆ ಸೇರುವ ದಾರಿಯನ್ನೂ ಅವರೇ ಸಮ ಮಾಡಿದರು. ಆ ದಾರಿಗೆ ಒಬ್ಬರ ಹೊಲದ ಒಂದು ಮೂಲೆ ಬೇಕಿತ್ತು. ಪ್ರಧಾನರು ಮಾತಾಡಿ ಒಪ್ಪಿಸಿದರು. ನಾವು ಯೂನಿಫಾರ್ಮ್ ಹಾಕಿಕೊಂಡು ಹೋಗಿ ಕೇಳಿದ್ದರೆ ಆ ಮನುಷ್ಯ ಹೆದರಿಕೊಂಡು ಹೂಂ ಅನ್ನುತ್ತಿದ್ದ. ಅದು ಒಪ್ಪಿಗೆ ಅಲ್ಲ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ವಿಷಯ. ಸೇತುವೆ ಮುಗಿದ ದಿನ ಹೂವಿನ ಹಾರ, ಫೋಟೋ, ಭಾಷಣ ಎಲ್ಲ ಆಗುತ್ತದೆ. ಅಪಾಯ ಶುರುವಾಗುವುದು ಅಲ್ಲಿಂದ. ಬೈಲಿ ಸೇತುವೆಗೆ ಒಂದು ಕ್ಲಾಸ್ ಇರುತ್ತದೆ, ಇಂತಿಷ್ಟು ಟನ್ ಮಾತ್ರ ಅಂತ. ಹತ್ತು ಚಕ್ರದ ಟಿಪ್ಪರ್ ಭರ್ತಿ ಮರಳು ಹೇರಿದರೆ 25 ಟನ್ ದಾಟುತ್ತದೆ. 2020ರ ಜೂನ್ 22ರಂದು ಉತ್ತರಾಖಂಡದ ಮುನ್ಸಿಯಾರಿ ಹತ್ತಿರ ಭಾರೀ ಮೆಷಿನ್ ಹೊತ್ತ ಟ್ರಕ್ ಒಂದು ಬೈಲಿ ಸೇತುವೆ ಮೇಲೆ ಹೋಗಿ, ಸೇತುವೆ ಸಮೇತ ಕೆಳಗೆ ಬಿತ್ತು. ಆ ವಿಡಿಯೋ ನೀವೂ ನೋಡಿರಬಹುದು. ಗಡಿ ರಸ್ತೆ ಸಂಸ್ಥೆಯವರು ಕೆಲವೇ ದಿನದಲ್ಲಿ ಬೇರೆ ಸೇತುವೆ ಕಟ್ಟಿದರು, ನಿಜ. ಆದರೆ ಅಂಥದ್ದು ಎಲ್ಲ ಊರಿಗೂ ಅಷ್ಟು ಬೇಗ ಸಿಗುವುದಿಲ್ಲ.

ಅದಕ್ಕಾಗಿ ನಾವು ಪಂಚಾಯತ್ ಮುಂದೆ ಕೂತು ಒಂದು ಸಂಜೆ ಪೂರ್ತಿ ಇದನ್ನೇ ಮಾತಾಡಿದೆವು. ಲೋಕೋಪಯೋಗಿ ಇಲಾಖೆಯ ಜೂನಿಯರ್ ಎಂಜಿನಿಯರ್ ಕೂಡ ಇದ್ದರು, ಏಕೆಂದರೆ ಕಾಗದದ ಪ್ರಕಾರ ಸೇತುವೆ ಹೋಗುವುದು ಅವರ ಕೈಗೆ. ಬೋರ್ಡಿನಲ್ಲಿ ಟನ್ ಲೆಕ್ಕ ಬರೆದರೆ ಯಾರಿಗೂ ತಲೆಗೆ ಹತ್ತುವುದಿಲ್ಲ ಅಂತ ಒಬ್ಬ ಜೀಪ್ ಡ್ರೈವರ್ ಹೇಳಿದ. ಅವನ ಮಾತಿನಂತೆ ಯಾವ ಗಾಡಿ ಹೋಗಬಹುದು, ಯಾವುದು ಹೋಗಬಾರದು ಅಂತ ಚಿತ್ರ ಬರೆಸಿದೆವು. ಕೆಳಗೆ ಹಿಂದಿಯಲ್ಲಿ ದಪ್ಪ ಅಕ್ಷರದಲ್ಲಿ: ಒಂದು ಸಲಕ್ಕೆ ಒಂದೇ ಗಾಡಿ, ನಡಿಗೆಯ ವೇಗ, ಸೇತುವೆ ಮೇಲೆ ಬ್ರೇಕ್ ಬೇಡ. ಸೈನಿಕರು ಕೂಡ ಸೇತುವೆ ಮೇಲೆ ಹೆಜ್ಜೆ ಕೂಡಿಸಿ ನಡೆಯುವುದಿಲ್ಲ ಅಂತ ಹೇಳಿದಾಗ ಮಕ್ಕಳಿಗೆ ಅದು ಬಹಳ ಹಿಡಿಸಿತು. ಎಲ್ಲರೂ ಬೇಕಂತಲೇ ಹೆಜ್ಜೆ ತಪ್ಪಿಸಿ ದಾಟುತ್ತಿದ್ದರು.

ಊರಿನ ನಾಲ್ಕು ಹುಡುಗರನ್ನು ಆರಿಸಿ ಸೇತುವೆಯ ಕೆಳಗೂ ಮೇಲೂ ಓಡಾಡಿಸಿದೆ. ಪಿನ್ ತೋರಿಸಿದೆ, ಕ್ಲಿಪ್ ತೋರಿಸಿದೆ. ಕ್ಲಿಪ್ ಇಲ್ಲದ ಪಿನ್ ಕಂಡರೆ ಗಾಡಿ ನಿಲ್ಲಿಸಿ, ಆಮೇಲೆ ಫೋನ್ ಮಾಡಿ. ರಿಬ್ಯಾಂಡ್ ಬೋಲ್ಟ್ ಸಡಿಲವಾದರೆ ಹಲಗೆ ಲೊಟಲೊಟ ಅನ್ನುತ್ತದೆ, ಆ ಸದ್ದು ಕೇಳಿದ ದಿನವೇ ಬಿಗಿ ಮಾಡಿ. ಬಿರುಕು ಬಿಟ್ಟ ಹಲಗೆ ಬದಲಾಯಿಸಿ. ದೊಡ್ಡ ಮಳೆ ಬಂದು ಹೋದ ಮೇಲೆ ಮೊದಲು ನೋಡಬೇಕಾದ್ದು ದಡ. ಬೇರಿಂಗ್ ಕೆಳಗಿನ ಮಣ್ಣು ನೀರು ತಿಂದಿದೆಯಾ, ಕಲ್ಲಿನ ಪೆಟ್ಟಿಗೆ ವಾಲಿದೆಯಾ ಅಂತ ನೋಡಿ. ಸೇತುವೆ ಕಣ್ಣಿಗೆ ಸರಿ ಕಂಡರೂ ಕೂತ ಜಾಗ ಟೊಳ್ಳಾಗಿದ್ದರೆ ಅದು ನಿಲ್ಲುವುದಿಲ್ಲ. ಒಂದು ಸ್ಪ್ಯಾನರ್, ಒಂದು ಸುತ್ತಿಗೆ, ಗ್ರೀಸ್ ಡಬ್ಬಿಯನ್ನು ಶಾಲೆಯ ಕೋಣೆಯಲ್ಲಿ ಇಡಲು ಮಾಸ್ತರರು ಒಪ್ಪಿದರು.

ಸೇನೆ ಇಂಥ ಕೆಲಸಕ್ಕೆ ಬರಬೇಕಾ ಅಂತ ಆಗಾಗ ಚರ್ಚೆ ಆಗುತ್ತದೆ. ಮುಂಬೈನ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್‌ನಲ್ಲಿ 2017ರ ಸೆಪ್ಟೆಂಬರ್ 29ರಂದು ಕಾಲ್ತುಳಿತ ಆಗಿ ಜನ ಸತ್ತ ಮೇಲೆ ಅಲ್ಲಿ, ಕರಿ ರೋಡ್‌ನಲ್ಲಿ, ಅಂಬಿವಲಿಯಲ್ಲಿ ಸೇನೆಯೇ ಪಾದಚಾರಿ ಸೇತುವೆ ಕಟ್ಟಿತು. 2018ರ ಫೆಬ್ರವರಿಯಲ್ಲಿ ಅವು ಜನಕ್ಕೆ ತೆರೆದವು. ಆಗಲೂ ಈ ಮಾತು ಎದ್ದಿತ್ತು. ನನ್ನ ಅಭಿಪ್ರಾಯ ಇಷ್ಟು. ಜೀವ ಅಡಕತ್ತರಿಯಲ್ಲಿ ಸಿಕ್ಕಿರುವಾಗ ಬರಲೇಬೇಕು, ನಮಗೆ ಕಲಿಸಿರುವುದೇ ಅದು. ಶಾಶ್ವತ ಸೇತುವೆ ಕಟ್ಟುವುದು ಮಾತ್ರ ನಾಗರಿಕ ಇಲಾಖೆಯ ಕೆಲಸ. ಬೈಲಿ ಸೇತುವೆ ನಿಂತಿದೆಯಲ್ಲ ಅಂತ ಕಾಂಕ್ರೀಟ್ ಸೇತುವೆಯ ಫೈಲ್ ಮೇಜಿನ ಕೆಳಗೆ ಹೋಗಬಾರದು. ಎಷ್ಟೋ ಕಡೆ ಹಾಗೇ ಆಗುತ್ತದೆ, ತಾತ್ಕಾಲಿಕ ಅಂದದ್ದು ಹತ್ತಾರು ವರ್ಷ ಭಾರ ಹೊರುತ್ತದೆ.

ಆ ಕಣಿವೆಯಲ್ಲಿ ಹಾಗಾಗಲಿಲ್ಲ. ಊರಿನವರು ಇಲಾಖೆಯ ಬೆನ್ನು ಬಿಡಲಿಲ್ಲ, ಪಕ್ಕದಲ್ಲೇ ಕಾಂಕ್ರೀಟ್ ಸೇತುವೆ ಬಂತು. ನಮ್ಮ ಸೇತುವೆ ಬಿಚ್ಚಲು ಬೇರೆ ರೆಜಿಮೆಂಟಿನ ಹುಡುಗರು ಹೋಗಿದ್ದರು. ಪಿನ್ನುಗಳಿಗೆ ತುಕ್ಕು ಹಿಡಿದಿರಲಿಲ್ಲ, ಗ್ರೀಸ್ ಹಚ್ಚಿಟ್ಟಿದ್ದರು ಅಂತ ಅವರ ಹವಾಲ್ದಾರ್ ನನಗೆ ಫೋನಿನಲ್ಲಿ ಹೇಳಿದ. ಪ್ಯಾನಲ್‌ಗಳನ್ನು ತೊಳೆದು, ಎಣಿಸಿ, ಬಾಗಿದ್ದನ್ನು ಬೇರೆ ಇಟ್ಟು, ಉಳಿದದ್ದನ್ನು ಲಾರಿಗೆ ಹೇರಿ ಸ್ಟೋರ್‌ಗೆ ಕಳಿಸಿದರು.